ಕೋಟಿ ಕೊಡುತ್ತಿದ್ದವರ ಸಾಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2003-04ನೇ ಸಾಲಿನ ಹತ್ತನೆಯ ತರಗತಿಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ಹೋದ ತಿಂಗಳು ಫೋನ್ ಮಾಡಿ, "ನೀನು ಬೆಂಗಳೂರಿನಲ್ಲಿ ಚೆನ್ನಾಗಿ ಸಂಪಾದನೆ ಮಾಡ್ಕೊಂಡಿದ್ದೀಯ, ದುಡ್ಡು ಹೇಗೆ ಮಾಡಬೇಕು ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ಹೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ನಕ್ಕಳು. ಯಾಕೆ ನಕ್ಕಳು ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ನನ್ನ ಸಂಪಾದನೆಯ ಬಗ್ಗೆ ಮಾತಾಡಲು ನನಗೆ ಅರ್ಹತೆ ಇಲ್ಲ. ಹಾಗಾಗಿ ನಿಮಗೆಲ್ಲ ಗೊತ್ತಿರುವ ಒಬ್ಬ ನಟರ ಸಂಪಾದನೆಯ ಕಥೆ ಹೇಳುತ್ತೇನೆ. ಅಮಿತಾಭ್ ಬಚ್ಚನ್ ಅವರದು.

ನಮ್ಮ ಅಣ್ಣಾವ್ರನ್ನು ಬಿಟ್ಟು ಹಿಂದಿಯವರನ್ನು ಯಾಕಪ್ಪಾ ಹಿಡಿದುಕೊಂಡ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಕಾರಣ ಇದೆ. 2000ನೇ ಇಸವಿ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಶುರುವಾಯಿತು. ನಾನಾಗ ಏಳನೇ ತರಗತಿ. ನಮ್ಮ ಬೀದಿಯಲ್ಲಿ ಕೇಬಲ್ ಇದ್ದದ್ದು ಒಂದೇ ಮನೆಗೆ. ರಾತ್ರಿ ಒಂಬತ್ತಕ್ಕೆ ಆ ಮನೆಯ ಜಗಲಿಯಿಂದ ಬಾಗಿಲವರೆಗೆ ಜನ. ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಪ್ರಶ್ನೆಯ ಕೆಳಗೆ ಸಂಖ್ಯೆ ಬರುತ್ತಿತ್ತಲ್ಲ, ಸಾವಿರ, ಎರಡು ಸಾವಿರ, ಆಮೇಲೆ ಲಕ್ಷ, ಕೊನೆಗೆ ಕೋಟಿ, ಅದು ಎಲ್ಲರಿಗೂ ಅರ್ಥವಾಗುತ್ತಿತ್ತು. ಮರುವರ್ಷ ಈ ಶಾಲೆಗೆ ಸೇರಿದಾಗ ನಮ್ಮ ಹಿಂದಿ ಮೇಷ್ಟ್ರು ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಅದೇ ಆಟ ಆಡಿಸುತ್ತಿದ್ದರು. ನಾಲ್ಕು ಉತ್ತರ ಬರೆದು "ಲಾಕ್ ಮಾಡಲಾ?" ಅಂತ ಕೇಳುವರು. ಬಹುಮಾನ ಒಂದು ಕಡ್ಲೆಮಿಠಾಯಿ. ನನಗೆ ಹಿಂದಿಯಲ್ಲಿ ಎಪ್ಪತ್ತರ ಮೇಲೆ ಬಂದದ್ದು ಆ ಕಡ್ಲೆಮಿಠಾಯಿಯ ಪುಣ್ಯ.

ಆಗ ನಾವೆಲ್ಲ ನಂಬಿದ್ದ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಆ ಚೆಕ್ಕಿನ ದುಡ್ಡು ಅವರ ಸ್ವಂತದ್ದು ಅಂದುಕೊಂಡಿದ್ದೆವು. ಸಹಿ ಹಾಕಿ ಕೈಗೆ ಕೊಡುತ್ತಿದ್ದರಲ್ಲ! "ಎಷ್ಟು ಇಟ್ಟಿರಬೇಕು ಆ ಮನುಷ್ಯ" ಅಂತ ನಮ್ಮಜ್ಜಿ ಕೇಳುತ್ತಿದ್ದರು. ಬಹಳ ವರ್ಷಗಳ ನಂತರ, ನನಗೆ ನಿದ್ದೆ ಬರದಿದ್ದ ಒಂದು ಕಾಲದಲ್ಲಿ, ಇಂಥ ಕಥೆಗಳನ್ನೇ ಹುಡುಕಿ ಓದುತ್ತಿದ್ದಾಗ ತಿಳಿಯಿತು. ಆ ಕುರ್ಚಿಯಲ್ಲಿ ಬಂದು ಕೂತ ಕಾಲದಲ್ಲಿ ಆ ಮನುಷ್ಯನ ತಲೆಯ ಮೇಲೆ ಸುಮಾರು 90 ಕೋಟಿ ರೂಪಾಯಿ ಸಾಲ, 55 ಮೊಕದ್ದಮೆ.

ಮೊದಲಿನಿಂದ ಬರುತ್ತೇನೆ. 1942ರ ಅಕ್ಟೋಬರ್ 11ರಂದು ಅಲಹಾಬಾದಿನಲ್ಲಿ ಹುಟ್ಟಿದವರು. ತಂದೆ ಹರಿವಂಶರಾಯ್ ಬಚ್ಚನ್ ಹಿಂದಿಯ ದೊಡ್ಡ ಕವಿ. ಓದಿದ್ದು ನೈನಿತಾಲ್‌ನಲ್ಲಿ, ದೆಹಲಿಯಲ್ಲಿ. ಬಡತನದಿಂದ ಬಂದವರಲ್ಲ, ಇದನ್ನು ಮರೆಯಬಾರದು. ಕಲ್ಕತ್ತಾದಲ್ಲಿ ಕಂಪನಿ ಕೆಲಸ ಮಾಡುತ್ತಿದ್ದರು. ಅದನ್ನು ಬಿಟ್ಟು ಮುಂಬೈಗೆ ಬಂದರು. ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಧ್ವನಿ 1969ರಲ್ಲಿ ಮೃಣಾಲ್ ಸೇನರ 'ಭುವನ್ ಶೋಮ್'ನಲ್ಲಿ ನಿರೂಪಣೆಗೆ ಬಳಕೆಯಾಯಿತು. ಅದೇ ವರ್ಷ 'ಸಾತ್ ಹಿಂದುಸ್ತಾನಿ'. ಆಮೇಲೆ ನಾಲ್ಕು ವರ್ಷ, ನಡುವೆ 'ಆನಂದ್' ಒಂದನ್ನು ಬಿಟ್ಟರೆ ಹೆಚ್ಚಿನವು ಓಡದ ಚಿತ್ರಗಳು. 1973ರಲ್ಲಿ 'ಜಂಜೀರ್' ಬಂತು, ದಿಕ್ಕು ಬದಲಾಯಿತು. ನಮ್ಮ ಈ ಶಾಲೆಗೆ 1974ರಲ್ಲಿ ಅಡಿಗಲ್ಲು ಬಿದ್ದಾಗ ಅತ್ತ ರಾಮನಗರದ ಬಂಡೆಗಳ ನಡುವೆ 'ಶೋಲೆ' ಚಿತ್ರೀಕರಣ ನಡೆಯುತ್ತಿತ್ತು. ಶಾಲೆಗೂ ಜೈ ಪಾತ್ರಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಅಲ್ಲಿಂದ ಹತ್ತು ವರ್ಷ ಅವರನ್ನು ಹಿಡಿಯುವವರಿರಲಿಲ್ಲ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಚಿತ್ರದ ಹೊಡೆದಾಟದ ದೃಶ್ಯ ತೆಗೆಯುವಾಗ ಹೊಟ್ಟೆಗೆ ಪೆಟ್ಟಾಗಿ ಸಾವಿನ ಬಾಗಿಲಿಗೆ ಹೋಗಿ ಬಂದರು. ದೇಶವೇ ಪ್ರಾರ್ಥನೆ ಮಾಡಿತು ಅನ್ನುವುದು ಉತ್ಪ್ರೇಕ್ಷೆಯಲ್ಲ. 1984ರಲ್ಲಿ ಅಲಹಾಬಾದಿನಿಂದ ಲೋಕಸಭೆಗೆ ಗೆದ್ದರು, 1987ರಲ್ಲಿ ರಾಜೀನಾಮೆ ಕೊಟ್ಟರು. ಆ ರಾಜಕೀಯ ನಮಗೆ ಬೇಡ.

ಇಲ್ಲಿಯವರೆಗಿನದು ಆದಾಯದ ಕಥೆ. ಚಿತ್ರ ಮಾಡಿದರು, ಸಂಭಾವನೆ ಬಂತು, ಮನೆ ಕೊಂಡರು. ಮುಂಬೈಯ ಜುಹುವಿನಲ್ಲಿ 'ಪ್ರತೀಕ್ಷಾ' ಅನ್ನುವ ಮನೆ. ತಂದೆ ತಾಯಿಯೂ ಅಲ್ಲೇ ಇದ್ದರು. ನಟನ ಆದಾಯ ನಮ್ಮ ತೆಂಗಿನ ತೋಟದ ಹಾಗಲ್ಲ. ತೋಟ ನೀವು ಮಲಗಿದ್ದರೂ ಅಷ್ಟೋ ಇಷ್ಟೋ ಕಾಯಿ ಕೊಡುತ್ತದೆ. ನಟ ಕ್ಯಾಮೆರಾ ಮುಂದೆ ನಿಂತರೆ ಮಾತ್ರ ದುಡ್ಡು. ನಮ್ಮ ಸಾಫ್ಟ್‌ವೇರ್ ಕೆಲಸವೂ ಹಾಗೇ. ಸಂಬಳ ದೊಡ್ಡದು, ನಿಂತರೆ ಸೊನ್ನೆ. ತೊಂಬತ್ತರ ದಶಕದ ಮೊದಲಿಗೆ ಅವರಿಗೆ ಐವತ್ತು ವರ್ಷ. 'ಖುದಾ ಗವಾಹ್' ಆದ ಮೇಲೆ ಕೆಲವು ವರ್ಷ ನಟನೆಯಿಂದ ದೂರ ಉಳಿದರು. ನಾಯಕನಾಗಿ ಇನ್ನೆಷ್ಟು ದಿನ ಅನ್ನುವ ಪ್ರಶ್ನೆ ಯಾರಿಗಾದರೂ ಬರುತ್ತದೆ. ಆಗಲೇ ಅವರು ಹೆಸರನ್ನು ಕಂಪನಿ ಮಾಡಿದರು. ಅಮಿತಾಭ್ ಬಚ್ಚನ್ ಕಾರ್ಪೊರೇಷನ್ ಲಿಮಿಟೆಡ್, ಎಬಿಸಿಎಲ್.

ಯೋಚನೆ ಕೆಟ್ಟದ್ದೇನಲ್ಲ ಅಂತ ನನ್ನ ಅಭಿಪ್ರಾಯ. ಚಿತ್ರ ನಿರ್ಮಾಣ, ವಿತರಣೆ, ಕ್ಯಾಸೆಟ್, ಟಿವಿ ಕಾರ್ಯಕ್ರಮ, ದೊಡ್ಡ ಸಮಾರಂಭಗಳ ನಿರ್ವಹಣೆ, ಎಲ್ಲ ಒಂದೇ ಸೂರಿನಡಿ. ಇವತ್ತು ದೊಡ್ಡ ಕಂಪನಿಗಳು ಮಾಡುತ್ತಿರುವುದು ಅದನ್ನೇ. ಆದರೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು, ಸಾಲದ ದುಡ್ಡಿನಲ್ಲಿ ಮಾಡಿದರು. 1996ರ ನವೆಂಬರ್ 23ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಸುಂದರಿ ಸ್ಪರ್ಧೆ ಆಯಿತಲ್ಲ, ಅದನ್ನು ನಡೆಸಿದ್ದು ಇದೇ ಎಬಿಸಿಎಲ್. ಜೆ.ಎಚ್. ಪಟೇಲರು ಮುಖ್ಯಮಂತ್ರಿ. ರೈತ ಸಂಘದಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ವಿರೋಧ. ಈಜುಡುಗೆಯ ಸುತ್ತನ್ನು ದೇಶದಿಂದಾಚೆ ಸೇಶೆಲ್ಸ್‌ಗೆ ಸಾಗಿಸಬೇಕಾಯಿತು. ನಮ್ಮೂರಿನಿಂದಲೂ ಹಸಿರು ಶಾಲು ಹಾಕಿಕೊಂಡು ನಾಲ್ಕೈದು ಜನ ಹೋಗಿದ್ದರಂತೆ. ಅವರಲ್ಲಿ ಇಬ್ಬರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಕೈ ಎತ್ತುತ್ತಿದ್ದಾರೆ ನೋಡಿ! ಸ್ಪರ್ಧೆ ನಡೆಯಿತು, ಗ್ರೀಸಿನ ಹುಡುಗಿ ಗೆದ್ದಳು, ಎಬಿಸಿಎಲ್ ದೊಡ್ಡ ನಷ್ಟ ಮಾಡಿಕೊಂಡಿತು. ಮುಂದಿನ ವರ್ಷ ಅವರೇ ನಾಯಕರಾಗಿ ಮರಳಿ ಬಂದ 'ಮೃತ್ಯುದಾತ' ಮಲಗಿತು. ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮೆಟ್ಟಿಲು ಹತ್ತಿತು.

ಈಗ ಮಕ್ಕಳು ಒಂದು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ನಾನೇ ಕೇಳುತ್ತೇನೆ. ಕಂಪನಿಯ ಹೆಸರಿನ ಕೊನೆಯಲ್ಲಿ 'ಲಿಮಿಟೆಡ್' ಅಂತ ಇದೆ. ಹಾಗಂದರೆ ಏನು? ಕಂಪನಿ ಅನ್ನುವುದು ಕಾನೂನಿನ ಕಣ್ಣಲ್ಲಿ ಬೇರೆಯೇ ಒಬ್ಬ ವ್ಯಕ್ತಿ. ಅದು ಮುಳುಗಿದರೆ ನೀವು ಹಾಕಿದ ಬಂಡವಾಳ ಹೋಗುತ್ತದೆ, ಅಷ್ಟೇ. ಸಾಲಗಾರರು ನಿಮ್ಮ ಮನೆಗೆ ಬರುವ ಹಾಗಿಲ್ಲ. 'ಲಿಮಿಟೆಡ್' ಅಂದರೆ ಹೊಣೆಗೆ ಒಂದು ಮಿತಿ, ಬೇಲಿ. ಹಾಗಾದರೆ ಎಬಿಸಿಎಲ್ ಮುಳುಗಿದರೆ ಬಚ್ಚನ್ ಅವರ ಮನೆಗೆ ಯಾಕೆ ಜನ ಬಂದರು? ಬೇಲಿಯನ್ನು ಅವರೇ ಕಿತ್ತಿದ್ದರು. ಕಂಪನಿಯ ಸಾಲಗಳಿಗೆ ವೈಯಕ್ತಿಕವಾಗಿ ಜಾಮೀನು ನಿಂತಿದ್ದರು. ಕಂಪನಿಗಾಗಿ ಮನೆಯನ್ನು ಅಡವಿಟ್ಟಿದ್ದಾಗಿ ಅವರೇ ಹೇಳಿದ್ದಾರೆ. 1999ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್, ಸಾಲ ವಸೂಲಿ ಪ್ರಕರಣ ತೀರ್ಮಾನವಾಗುವವರೆಗೆ 'ಪ್ರತೀಕ್ಷಾ' ಮತ್ತು ಎರಡು ಫ್ಲ್ಯಾಟ್‌ಗಳನ್ನು ಮಾರಬಾರದು ಅಂತ ತಡೆಯಿತು. ವಸೂಲಿಗೆ ಹೋಗಿದ್ದ ಬ್ಯಾಂಕ್ ಯಾವುದು ಗೊತ್ತೇ? ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್. ಬ್ಯಾಂಕಿನದು ತಪ್ಪೇನಿಲ್ಲ, ಅವರು ಕೊಟ್ಟಿದ್ದು ಠೇವಣಿದಾರರ ದುಡ್ಡು.

90 ಕೋಟಿ ಅಂದರೆ ಎಷ್ಟು ಅಂತ ಅಂದಾಜು ಬರಲಿ ಅಂತ ಒಂದು ಲೆಕ್ಕ ಮಾಡಿಕೊಂಡು ಬಂದಿದ್ದೇನೆ. ಬಡ್ಡಿ ನೂರಕ್ಕೆ ವರ್ಷಕ್ಕೆ 15 ಅಂತ ಇಟ್ಟುಕೊಳ್ಳಿ. ಅವರು ಕೊಡುತ್ತಿದ್ದ ದರ ಇಷ್ಟೇ ಅಂತ ನಾನು ಹೇಳುತ್ತಿಲ್ಲ, ಲೆಕ್ಕಕ್ಕೆ. ವರ್ಷಕ್ಕೆ ಹದಿಮೂರೂವರೆ ಕೋಟಿ. ದಿನಕ್ಕೆ ಹತ್ತಿರ ಹತ್ತಿರ 3 ಲಕ್ಷ 70 ಸಾವಿರ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಅಷ್ಟು ಸಾಲ ಏರಿರುತ್ತದೆ. ಅಸಲು ಹಾಗೇ ಕೂತಿರುತ್ತದೆ.

ಇಲ್ಲಿ ನಿಲ್ಲಿಸಿ, ನನ್ನ ಹೆಂಡತಿ ಯಾಕೆ ನಕ್ಕಳು ಅಂತ ಹೇಳುತ್ತೇನೆ.

ನಮ್ಮ ಕೆರೆ ಕೆಳಗಿನ ಒಂದೂವರೆ ಎಕರೆ ತೆಂಗಿನ ತೋಟ ಮಾರಿದ್ದು ನಿಮಗೆಲ್ಲ ಗೊತ್ತು. ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡ, ಅದಕ್ಕೆ ಅಪ್ಪ ತೋಟ ಮಾರಿದ ಅಂತ ಊರಲ್ಲಿ ಮಾತಿದೆ. ನನಗೂ ಗೊತ್ತು. ನಾನಾಗಲಿ ನಮ್ಮಪ್ಪನಾಗಲಿ ಅದನ್ನು ತಿದ್ದಲಿಲ್ಲ. ಫ್ಲ್ಯಾಟ್ ತಗೊಂಡ ಅನ್ನಿಸಿಕೊಳ್ಳುವುದು ಮರ್ಯಾದೆಯ ವಿಷಯವಾಗಿತ್ತು. ನನಗೆ ಫ್ಲ್ಯಾಟ್ ಇಲ್ಲ. ಬಾಡಿಗೆ ಮನೆ.

2017ರಲ್ಲಿ ಏಳು ವರ್ಷದ ಕೆಲಸ ಬಿಟ್ಟು ಇಬ್ಬರು ಸ್ನೇಹಿತರ ಜೊತೆ ಕಂಪನಿ ಮಾಡಿದೆ. ಕೊಬ್ಬರಿ ಬೆಳೆಗಾರರಿಗೆ ತಿಪಟೂರು, ಅರಸೀಕೆರೆ ಮಾರುಕಟ್ಟೆಯ ಧಾರಣೆ ತಿಳಿಸಿ, ನೇರವಾಗಿ ಖರೀದಿದಾರರ ಜೊತೆ ಕೂಡಿಸುವ ಆ್ಯಪ್. ನಿಮ್ಮಲ್ಲಿ ಕೆಲವರ ಫೋನಿಗೆ ನಾನೇ ಹಾಕಿಕೊಟ್ಟಿದ್ದೆ, ನೆನಪಿರಬಹುದು. 28 ಲಕ್ಷ ಸಾಲ ಎತ್ತಿದೆವು. ಪ್ರೈವೇಟ್ ಲಿಮಿಟೆಡ್ ಕಂಪನಿ, ಬೇಲಿ ಇದೆ ಅಂತ ಧೈರ್ಯ. ಸಾಲದ ಕಾಗದ ಇಪ್ಪತ್ತೆರಡು ಪುಟ ಇತ್ತು. ಬಿ.ಇ. ಓದಿದವನು, ದಿನಾ ಸಾವಿರಾರು ಸಾಲು ಕೋಡ್ ಓದಿ ಇನ್ನೊಬ್ಬರ ತಪ್ಪು ಹುಡುಕುವವನು, ಆ ಇಪ್ಪತ್ತೆರಡು ಪುಟ ಓದಲಿಲ್ಲ. ಸ್ಟಿಕ್ಕರ್ ಅಂಟಿಸಿದ ಕಡೆಯೆಲ್ಲ ಸಹಿ ಹಾಕಿದೆ. ಹದಿನಾಲ್ಕನೇ ಪುಟದಲ್ಲಿ ಮೂವರೂ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಹೊಣೆ ಅಂತ ಇತ್ತು. ಈ 'ಪ್ರತ್ಯೇಕವಾಗಿ' ಅನ್ನುವ ಪದವನ್ನು ಮಕ್ಕಳು ಬರೆದುಕೊಳ್ಳಿ. ಮೂರರಲ್ಲಿ ಒಂದು ಪಾಲು ಅಂತ ಅದರ ಅರ್ಥವಲ್ಲ. ಇಬ್ಬರು ಕೊಡದಿದ್ದರೆ ಸಿಕ್ಕಿದ ಒಬ್ಬನಿಂದ ಪೂರ್ತಿ ವಸೂಲು ಮಾಡಬಹುದು ಅಂತ ಅರ್ಥ.

2019ರಲ್ಲಿ ಕಂಪನಿ ಮುಚ್ಚಿತು. ಸ್ನೇಹಿತರಲ್ಲಿ ಒಬ್ಬ ವಿದೇಶಕ್ಕೆ ಹೋದ, ಇನ್ನೊಬ್ಬನ ಹತ್ತಿರ ನಿಜವಾಗಿಯೂ ಏನೂ ಇರಲಿಲ್ಲ. ಸಿಕ್ಕಿದ ಒಬ್ಬ ನಾನು. ಬೆಳಿಗ್ಗೆ ಏಳಕ್ಕೆ ಫೋನ್, ರಾತ್ರಿ ಹತ್ತಕ್ಕೆ ಫೋನ್. ಹೆಂಡತಿಯ ಒಡವೆ ಹೋಯಿತು. ನಮ್ಮಪ್ಪ ಒಂದು ದಿನ ಬೆಂಗಳೂರಿಗೆ ಬಂದು, ಕಾಫಿ ಕುಡಿದು, ಚೀಲದಿಂದ ನ್ಯೂಸ್‌ಪೇಪರಿನಲ್ಲಿ ಸುತ್ತಿದ ದುಡ್ಡು ತೆಗೆದು ಮೇಜಿನ ಮೇಲಿಟ್ಟರು. ತೋಟದ ಮುಂಗಡ. ನನ್ನನ್ನು ಕೇಳಿರಲೇ ಇಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನಾ? ಗೊತ್ತಿಲ್ಲ, ಅದೇ ನನಗೆ ಇವತ್ತಿಗೂ ಕಷ್ಟ. ಅವರು ಇಲ್ಲೇ ಕೂತಿದ್ದಾರೆ. ಈ ಮಾತು ಹೇಳಲು ನಿನ್ನೆ ರಾತ್ರಿ ಅನುಮತಿ ಕೇಳಿದೆ. "ಹೇಳು, ಫ್ಲ್ಯಾಟ್ ನೋಡ್ಬೇಕು ಅಂತ ಕೇಳೋರಿಗೆ ಸುಳ್ಳು ಹೇಳಿ ನಂಗೂ ಸಾಕಾಗಿದೆ" ಅಂದರು.

ಬಚ್ಚನ್ ಅವರ ಕಥೆಯನ್ನು ನಾನು ಓದಿದ್ದು ಆ ದಿನಗಳಲ್ಲಿ. ದೊಡ್ಡವರ ಕಥೆ ಓದಿದರೆ ಧೈರ್ಯ ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ಧೈರ್ಯ ಅಲ್ಲ, ಒಂದು ಥರದ ಸಮಾಧಾನ. ಅಷ್ಟು ದೊಡ್ಡವರೂ ಜಾಮೀನು ಸಹಿ ಹಾಕಿದ್ದಾರಲ್ಲ ಅಂತ.

ಅವರು ಹೊರಗೆ ಬಂದದ್ದು ಹೇಗೆ? ಎರಡು ಬಾಗಿಲುಗಳಿದ್ದವು. ಕಂಪನಿಯನ್ನು ದಿವಾಳಿ ಅಂತ ಮುಚ್ಚಿ ಸಾಲಗಾರರ ಜೊತೆ ವರ್ಷಾನುಗಟ್ಟಲೆ ಕೋರ್ಟಿನಲ್ಲಿ ಎಳೆದಾಡಬಹುದಿತ್ತು. ಬೇರೆಯವರ ದುಡ್ಡು ತಗೊಳ್ಳಬಹುದಿತ್ತು. ಧೀರೂಭಾಯಿ ಅಂಬಾನಿ ಸಹಾಯಕ್ಕೆ ಮುಂದೆ ಬಂದಿದ್ದರು, ತಾನು ಒಪ್ಪಲಿಲ್ಲ ಅಂತ 2017ರಲ್ಲಿ ರಿಲಯನ್ಸ್‌ನ ಸಮಾರಂಭದಲ್ಲೇ ಅವರು ಹೇಳಿಕೊಂಡರು. ಮಾಡಿದ್ದು ಇನ್ನೊಂದು. ಕೆಲಸ ಕೇಳಿಕೊಂಡು ಹೋದರು. ನಿರ್ಮಾಪಕ ಯಶ್ ಚೋಪ್ರಾ ಅವರ ಮನೆಗೆ ಹೋಗಿ ನನ್ನ ಹತ್ತಿರ ಕೆಲಸ ಇಲ್ಲ, ಕೊಡಿ ಅಂದರು. 'ಮೊಹಬ್ಬತೇಂ' ಸಿಕ್ಕಿತು, 2000ದ ಅಕ್ಟೋಬರ್‌ನಲ್ಲಿ ತೆರೆಗೆ ಬಂತು. ಅದರಲ್ಲಿ ನಾಯಕ ಅವರಲ್ಲ. ಶಾಲೆಯ ಗಡ್ಡದ ಪ್ರಿನ್ಸಿಪಾಲ್.

ಅಷ್ಟರಲ್ಲಿ ಟಿವಿ ಕೆಲಸ. ಇಂಗ್ಲೆಂಡಿನ ಕಾರ್ಯಕ್ರಮವೊಂದರ ಹಿಂದಿ ರೂಪ. ಇವತ್ತು ಎಲ್ಲ ನಟರೂ ಟಿವಿಯಲ್ಲಿದ್ದಾರೆ, ನಮ್ಮ ಪುನೀತ್ ಅವರು 2012ರಲ್ಲಿ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟಾಗ ಯಾರೂ ಕಡಿಮೆ ಅಂದುಕೊಳ್ಳಲಿಲ್ಲ, ಬದಲಿಗೆ ಮನೆಮಗನೇ ಆದರು. ಆದರೆ 2000ದಲ್ಲಿ ಹಾಗಿರಲಿಲ್ಲ. ಎಪ್ಪತ್ತು ಅಡಿ ಪರದೆಯ ನಾಯಕ ಇಪ್ಪತ್ತೊಂದು ಇಂಚಿನ ಪೆಟ್ಟಿಗೆಯೊಳಗೆ ಬರುವುದು ಅಂದರೆ ಕೆಳಗಿಳಿಯುವುದು. ಬೇಡ ಅಂದವರು ಬಹಳ ಇದ್ದರು. ಸಾಲ ಇಲ್ಲದಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ. ಒಪ್ಪಿದರು, ವಾರಕ್ಕೆ ನಾಲ್ಕು ರಾತ್ರಿ ನಮ್ಮ ಜಗಲಿಗೆ ಬಂದರು. ಬಂದವರು ಎದುರಿನ ಕುರ್ಚಿಯಲ್ಲಿ ಕೂತ ಸಾಮಾನ್ಯ ಗುಮಾಸ್ತನಿಗೂ ಎದ್ದು ನಿಂತು ಕೈ ಮುಗಿದರು. ನಮ್ಮಜ್ಜಿಗೆ ಹಿಡಿಸಿದ್ದು ಅದು.

ಅಲ್ಲಿಂದ ಜಾಹೀರಾತುಗಳು. ಪೆನ್ನು, ಚಾಕಲೇಟು, ತಲೆಗೆ ಹಚ್ಚುವ ಎಣ್ಣೆ, ಬ್ಯಾಂಕು. ಪೋಲಿಯೋ ಹನಿಗೂ ಅವರೇ. ಜರೆಯುವವರು ಜರೆದರು, ಎಣ್ಣೆ ಮಾರುತ್ತಾರೆ ಅಂತ. ಬಂದ ದುಡ್ಡಿನಲ್ಲಿ ಒಬ್ಬೊಬ್ಬ ಸಾಲಗಾರರದ್ದೇ ತೀರಿಸುತ್ತ ಹೋದರು. ಬಾಕಿಯಿದ್ದ ಕೆಲವರಿಗೆ ಅವರ ಜಾಹೀರಾತಿನಲ್ಲಿ ನಟಿಸಿಯೂ ಋಣ ತೀರಿಸಿದೆ ಅಂತ ಹೇಳಿದ್ದಾರೆ. ಎಬಿಸಿಎಲ್ ಹೆಸರು ಮುಂದೆ ಎಬಿ ಕಾರ್ಪ್ ಆಯಿತು, 2009ರಲ್ಲಿ 'ಪಾ' ಚಿತ್ರ ಮಾಡಿತು.

ಸಾಲ ತೀರಿದ ಮೇಲೆ ಆಸ್ತಿಯ ಕಥೆ ಶುರು. ಇದು ಆದಾಯದ ಕಥೆಯಲ್ಲ, ಬೇರೆ. ಮೊಬೈಲಿನಲ್ಲಿ ಯಾವುದೇ ನಟರ ಹೆಸರು ಹಾಕಿ ಆಸ್ತಿ ಎಷ್ಟು ಅಂತ ಹುಡುಕಿದರೆ ಸಾವಿರಾರು ಕೋಟಿ ತೋರಿಸುತ್ತದೆ. ನಾನು ಇದೇ ಕೆಲಸದಲ್ಲಿರುವವನು, ಹೇಳುತ್ತೇನೆ ಕೇಳಿ: ಅದರಲ್ಲಿ ಹೆಚ್ಚಿನದು ಒಬ್ಬರು ಊಹಿಸಿದ್ದನ್ನು ಇನ್ನೊಬ್ಬರು ನಕಲು ಮಾಡಿದ್ದು. ಬಚ್ಚನ್ ಅವರ ವಿಷಯದಲ್ಲಿ ಮಾತ್ರ ನಮಗೊಂದು ಅನುಕೂಲ ಇದೆ. ಅವರ ಪತ್ನಿ ಜಯಾ ಬಚ್ಚನ್ ರಾಜ್ಯಸಭಾ ಸದಸ್ಯರು, ನಾಮಪತ್ರದ ಜೊತೆ ಇಬ್ಬರ ಆಸ್ತಿಯನ್ನೂ ಪ್ರಮಾಣಪತ್ರದಲ್ಲಿ ಬರೆಯಬೇಕು. 2024ರ ಫೆಬ್ರವರಿಯಲ್ಲಿ ಬರೆದ ಪ್ರಕಾರ ಇಬ್ಬರದೂ ಸೇರಿ ಸುಮಾರು 1,578 ಕೋಟಿ. ಅದರಲ್ಲಿ ಚರಾಸ್ತಿ 849 ಕೋಟಿ, ಉಳಿದ 729 ಕೋಟಿಗೂ ಮೇಲ್ಪಟ್ಟದ್ದು ಸ್ಥಿರಾಸ್ತಿ.

ಅಂದರೆ ಅರ್ಧದ ಹತ್ತಿರ ಮನೆ, ಜಮೀನು. ಉಳಿದದ್ದರಲ್ಲಿ ಷೇರುಗಳೂ ಇವೆ. ಒಂದು ಉದಾಹರಣೆ ಮಾತ್ರ. ಜಸ್ಟ್ ಡಯಲ್ ಅನ್ನುವ ಕಂಪನಿಯ ಜಾಹೀರಾತಿಗೆ ಅವರೇ ಮುಖವಾಗಿದ್ದರು. ಆ ಕಂಪನಿಯ 62 ಸಾವಿರಕ್ಕೂ ಹೆಚ್ಚು ಷೇರುಗಳನ್ನು ತಲಾ 10 ರೂಪಾಯಿಗೆ ಪಡೆದಿದ್ದರು. ಆರು ಲಕ್ಷ ಚಿಲ್ಲರೆ. 2013ರಲ್ಲಿ ಅದೇ ಷೇರನ್ನು ಸಾರ್ವಜನಿಕರಿಗೆ ಕೊಟ್ಟದ್ದು 530 ರೂಪಾಯಿಗೆ. ಆರು ಲಕ್ಷ ಮೂರು ಕೋಟಿ ದಾಟಿತು. ಹಿಂದಿನ ಬಚ್ಚನ್ ಕಂಪನಿ ಕಟ್ಟಲು ಸಾಲ ಮಾಡಿದ್ದರು, ಈ ಬಚ್ಚನ್ ಬೇರೆಯವರು ಕಟ್ಟಿದ ಕಂಪನಿಯಲ್ಲಿ ಸಣ್ಣ ಪಾಲು ತಗೊಂಡರು. ಮುಳುಗಿದ್ದರೆ ಹೋಗುತ್ತಿದ್ದದ್ದು ಆ ಆರು ಲಕ್ಷ ಮಾತ್ರ. ಹತ್ತೊಂಬತ್ತು ವರ್ಷದ ಹುಡುಗನೂ ಮಾಡದ ತಪ್ಪನ್ನು ಐವತ್ತು ದಾಟಿದ ಮೇಲೆ ಮಾಡಿದವರು ಎಪ್ಪತ್ತರ ಹೊತ್ತಿಗೆ ಕಲಿತಿದ್ದರು ಅಂತ ನನಗೆ ಅನ್ನಿಸುತ್ತದೆ.

ಆದರೆ ಒಂದು ಮಾತನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಮನೆ, ಫ್ಲ್ಯಾಟ್ ಎಲ್ಲವನ್ನೂ ಕೋರ್ಟು ತಡೆಯಬಹುದು. ಅವರ ಮುಖವನ್ನು, ಧ್ವನಿಯನ್ನು ಯಾರೂ ಜಪ್ತಿ ಮಾಡುವ ಹಾಗಿರಲಿಲ್ಲ. ಮೂವತ್ತು ವರ್ಷ ದೇಶದ ಜನ ಅದರಲ್ಲಿ ಠೇವಣಿ ಇಟ್ಟಿದ್ದರು. ಕೆಲಸ ಕೇಳಲು ಹೋದರೆ ಬಾಗಿಲು ತೆರೆಯುವ ಯಶ್ ಚೋಪ್ರಾ ಇದ್ದರು. ಕೊಬ್ಬರಿ ಧಾರಣೆ ಬಿದ್ದು ಸೊಸೈಟಿ ಸಾಲದಲ್ಲಿ ಸಿಕ್ಕಿಕೊಂಡ ನಮ್ಮೂರಿನವನು ಯಾರ ಮನೆಗೆ ಹೋಗಬೇಕು? "ಬಚ್ಚನ್ ಎದ್ದು ಬರಲಿಲ್ಲವಾ, ನೀನೂ ಎದ್ದು ಬಾ" ಅಂತ ಆ ದಿನಗಳಲ್ಲಿ ನನಗೆ ಹೇಳಿದವರಿದ್ದರು. ಕೇಳಿ ಸಿಟ್ಟು ಬರುತ್ತಿತ್ತು. ಅವರಿಗೂ ಇದು ಗೊತ್ತಿದೆಯೇನೋ. 2018ರಲ್ಲಿ ಉತ್ತರ ಪ್ರದೇಶದ 1,398 ರೈತರ ಬ್ಯಾಂಕ್ ಸಾಲವನ್ನು, ನಾಲ್ಕು ಕೋಟಿ ಚಿಲ್ಲರೆ, ಅವರು ತೀರಿಸಿದರು. ಭಾಗಿಸಿ ನೋಡಿ, ಒಬ್ಬ ರೈತನಿಗೆ ಸರಾಸರಿ ಮೂವತ್ತು ಸಾವಿರದಷ್ಟೂ ಇಲ್ಲ. ಅಷ್ಟಕ್ಕೆ ಅವರ ನಿದ್ದೆ ಹೋಗಿತ್ತು.

ನನಗೆ ಮುಖ ಇರಲಿಲ್ಲ, ಕೈಕೆಲಸ ಇತ್ತು. ಕಂಪನಿಯ ನಿರ್ದೇಶಕ ಅಂತ ಕಾರ್ಡ್ ಹಂಚಿದವನು, ನನಗಿಂತ ಆರು ವರ್ಷ ಚಿಕ್ಕ ಹುಡುಗಿಯ ಕೈಕೆಳಗೆ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಸಾಫ್ಟ್‌ವೇರ್‌ನವರಿಗೆ ಗೊತ್ತು, ಅದನ್ನು ಮೇಲಿನಿಂದ ಕೆಳಗೆ ಅನ್ನುತ್ತಾರೆ. ಮೊದಲ ದಿನ ಲಿಫ್ಟಿನಲ್ಲಿ ನನಗೆ ನೆನಪಾದದ್ದು ಇಪ್ಪತ್ತೊಂದು ಇಂಚಿನ ಟಿವಿ. ಸಾಲ ಕೊಟ್ಟವರ ಹತ್ತಿರ ಹೋಗಿ ಕೂತು, ಮಾತಾಡಿ, ಕಂತು ಮಾಡಿಸಿಕೊಂಡೆ. ಫೋನ್ ಎತ್ತದೆ ಇದ್ದ ಎಂಟು ತಿಂಗಳಲ್ಲಿ ಆಗದ್ದು ಎದುರು ಕೂತ ಒಂದು ಗಂಟೆಯಲ್ಲಿ ಆಯಿತು. ಇನ್ನು 6 ಲಕ್ಷ 40 ಸಾವಿರ ಇದೆ. 2026ರ ಜೂನ್‌ಗೆ ಮುಗಿಯುತ್ತದೆ. ತೋಟ ವಾಪಸ್ ಬರುವುದಿಲ್ಲ, ಕೊಂಡವರು ಅಲ್ಲಿ ಅಡಿಕೆ ಹಾಕಿದ್ದಾರೆ, ಚೆನ್ನಾಗಿ ಬಂದಿದೆ.

ಬಚ್ಚನ್ ಅವರ 'ಪ್ರತೀಕ್ಷಾ' ಏನಾಯಿತು ಅಂತ ಹೇಳಲಿಲ್ಲ ಅಲ್ಲವೇ? ಉಳಿಯಿತು. 2023ರಲ್ಲಿ ಅದನ್ನು ಮಗಳು ಶ್ವೇತಾ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಜುಹುವಿನಲ್ಲೇ ಇರುವ ಅವರ ಇನ್ನೆರಡು ಬಂಗಲೆಗಳ ನೆಲಮಹಡಿಯನ್ನು 2021ರಲ್ಲಿ ಹದಿನೈದು ವರ್ಷಕ್ಕೆ ಬಾಡಿಗೆಗೆ ಕೊಟ್ಟರು, ತಿಂಗಳಿಗೆ 18 ಲಕ್ಷ 90 ಸಾವಿರ. ಬಾಡಿಗೆದಾರರು ಯಾರು ಗೊತ್ತೇ? ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ! ಇದನ್ನು ಓದಿದ ದಿನ ನಾನು ಆಫೀಸಿನಲ್ಲಿ ಒಬ್ಬನೇ ಜೋರಾಗಿ ನಕ್ಕೆ.

ಗಂಟೆ ಹೊಡೆಯುವ ಹೊತ್ತಾಯಿತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈ ತಿಂಗಳು ಟ್ರ್ಯಾಕ್ಟರ್ ಸಾಲಕ್ಕೋ, ಮಗಳ ಕಾಲೇಜಿನ ಸಾಲಕ್ಕೋ, ಭಾವಮೈದುನನ ಅಂಗಡಿಗೋ ಜಾಮೀನು ಸಹಿ ಹಾಕಬೇಕಾದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಊಟ ಆದ ಮೇಲೆ ನಾನು ಎಂಟನೇ ತರಗತಿ 'ಎ' ವಿಭಾಗದ ಕೊಠಡಿಯಲ್ಲಿ, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿರುತ್ತೇನೆ. ಸಂಜೆ ಆರರವರೆಗೆ ಇರುತ್ತೇನೆ. ಕಾಗದ ತನ್ನಿ, ಮೊದಲ ಪುಟದಿಂದ ಇಬ್ಬರೂ ಸೇರಿ ಓದೋಣ. ಕನ್ನಡಕ ಮರೆಯಬೇಡಿ, ಅಕ್ಷರ ಸಣ್ಣದಿರುತ್ತದೆ.